ನ್ಯೂಯಾರ್ಕ್ ಮ್ಯಾರಥಾನ್, ಐದು ಸೇತುವೆ, ಅರೆಬರೆ ತಯಾರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಅಕ್ಟೋಬರ್ ಬಂತೆಂದರೆ ನನಗೆ ಫೋನ್ ಶುರುವಾಗುತ್ತದೆ. ಹೆಚ್ಚಿನವರು ನ್ಯೂಜೆರ್ಸಿಯ ನಮ್ಮ ಕನ್ನಡದ ಗೆಳೆಯರು. ಕಳೆದ ಚಳಿಗಾಲದಲ್ಲಿ ಹುರುಪಿನಲ್ಲಿ ಹೆಸರು ಕೊಟ್ಟು, ಲಾಟರಿಯಲ್ಲಿ ಅಪ್ಪಿತಪ್ಪಿ ಸೀಟು ಸಿಕ್ಕಿ, ಆಮೇಲೆ ಆಫೀಸು, ಮಕ್ಕಳ ಸ್ಕೂಲು, ಊರಿನ ಮದುವೆ ಅಂತ ತಯಾರಿ ಅರ್ಧಕ್ಕೆ ನಿಂತವರು. ನಾನೂ ಅದೇ ಜಾತಿ. ಎರಡು ಸಲ ಓಡಿದ್ದೇನೆ, ಎರಡು ಸಲವೂ ತಯಾರಿ ಸಾಲದೆಯೇ. ಮೊದಲ ಸಲ 5 ಗಂಟೆ 48 ನಿಮಿಷ, ಎರಡನೇ ಸಲ 5 ಗಂಟೆ 31 ನಿಮಿಷ. ಆದ್ದರಿಂದ ಇಲ್ಲಿರುವುದು ಕೋಚ್ ಒಬ್ಬರ ಸಲಹೆ ಅಲ್ಲ. ಒದ್ದಾಡಿದವನ ಲೆಕ್ಕ.

ನ್ಯೂಯಾರ್ಕ್ ಸಮತಟ್ಟು ಊರಲ್ವಾ? ಏರು ಎಲ್ಲಿಂದ ಬಂತು?

ಸೇತುವೆಗಳಿಂದ. ಈ ಓಟ ನಗರದ ಐದೂ ಭಾಗಗಳನ್ನು ಮುಟ್ಟುತ್ತದೆ: ಸ್ಟೇಟನ್ ಐಲೆಂಡ್, ಬ್ರೂಕ್ಲಿನ್, ಕ್ವೀನ್ಸ್, ಬ್ರಾಂಕ್ಸ್, ಮ್ಯಾನ್‌ಹ್ಯಾಟನ್. ನಡುವೆ ನೀರು. ನೀರು ದಾಟಬೇಕೆಂದರೆ ಸೇತುವೆ ಹತ್ತಬೇಕು, ಇಳಿಯಬೇಕು. ವೆರಝಾನೋ, ಪುಲಾಸ್ಕಿ, ಕ್ವೀನ್ಸ್‌ಬರೋ, ವಿಲ್ಲಿಸ್ ಅವೆನ್ಯೂ, ಮ್ಯಾಡಿಸನ್ ಅವೆನ್ಯೂ, ಒಟ್ಟು ಐದು.

1970ರಲ್ಲಿ ಶುರುವಾದಾಗ ಇದು ಸೆಂಟ್ರಲ್ ಪಾರ್ಕಿನೊಳಗೇ ಸುತ್ತುಹಾಕುವ ಓಟ ಆಗಿತ್ತು. 127 ಜನ ಹೊರಟು 55 ಜನ ಮುಗಿಸಿದ್ದರು. 1976ರಲ್ಲಿ ಓಟವನ್ನು ಪಾರ್ಕಿನಿಂದ ಊರಿನ ಬೀದಿಗಳಿಗೆ ತಂದರು, ಸೇತುವೆಗಳೂ ಜೊತೆಗೆ ಬಂದವು. ಈಗ 50 ಸಾವಿರಕ್ಕೂ ಜಾಸ್ತಿ ಜನ ಓಡುತ್ತಾರೆ.

ಎಲ್ಲ ಏರು ಕೂಡಿಸಿದರೆ ಸುಮಾರು 250 ಮೀಟರ್. ಮೈಸೂರಿನವನಾಗಿ ನನಗೆ ಇದನ್ನು ಕೇಳಿ ನಗು ಬಂದಿತ್ತು. ಚಾಮುಂಡಿ ಬೆಟ್ಟದ ಎತ್ತರವೂ ಆಗಲಿಲ್ಲವಲ್ಲ! ಆದರೆ ಬೆಟ್ಟವನ್ನು ಒಂದೇ ಸಲ ಹತ್ತುತ್ತೀರಿ, ಮೇಲೆ ಹೋಗಿ ದೇವರಿಗೆ ಕೈಮುಗಿದು ಮಂಟಪದಲ್ಲಿ ಕೂತು ಮಂಡಕ್ಕಿ ತಿನ್ನುತ್ತೀರಿ. ಇಲ್ಲಿ ಅದೇ ಎತ್ತರವನ್ನು ಚೂರುಚೂರು ಮಾಡಿ 42 ಕಿಲೋಮೀಟರ್ ಉದ್ದಕ್ಕೂ ಹರಡಿದ್ದಾರೆ, ದೊಡ್ಡ ತುಂಡುಗಳನ್ನು ನಿಮಗೆ ಸುಸ್ತಾಗಿರುವ ಜಾಗದಲ್ಲೇ ಇಟ್ಟಿದ್ದಾರೆ. ಗೆಲ್ಲುವವರಿಗೂ ಇದು ನಿಧಾನದ ದಾರಿಯೇ. 2023ರಲ್ಲಿ ಕೆಲ್ವಿನ್ ಕಿಪ್ಟಮ್ ಸಮತಟ್ಟಾದ ಶಿಕಾಗೋದಲ್ಲಿ 2:00:35ಕ್ಕೆ ಮುಗಿಸಿದರು. ಅದೇ ವರ್ಷ ತಮಿರತ್ ತೋಲಾ ನ್ಯೂಯಾರ್ಕಿನ ದಾಖಲೆ ಮುರಿದಾಗ ಅವರ ಸಮಯ 2:04:58. ಅವರಿಗೇ ಇಷ್ಟು ವ್ಯತ್ಯಾಸ ಅಂದರೆ ನಮ್ಮ ಪಾಡು ಲೆಕ್ಕ ಹಾಕಿಕೊಳ್ಳಿ.

ನನ್ನ ಅತಿ ಉದ್ದದ ಓಟ 22 ಕಿಲೋಮೀಟರ್. ಹೋಗಬಹುದಾ?

ಮುಗಿಸಬಹುದು. ಚೆನ್ನಾಗಿ ಓಡಲು ಆಗುವುದಿಲ್ಲ. ಇವೆರಡೂ ಬೇರೆ ಬೇರೆ ಅನ್ನುವುದು ನಿಮ್ಮ ತಲೆಯಲ್ಲಿ ಕೂತರೆ ಅರ್ಧ ತೊಂದರೆ ಕಡಿಮೆಯಾದಂತೆ. ನಾನು ಮೊದಲ ಸಲ ಹೋದಾಗ 24 ಕಿಲೋಮೀಟರ್ ಓಡಿದ್ದೇ ದೊಡ್ಡ ಸಾಧನೆ.

ಧೈರ್ಯಕ್ಕೆ ಒಂದು ಕಥೆ ಹೇಳುತ್ತೇನೆ. ನಾರ್ವೆಯ ಗ್ರೆಟೆ ವೈಟ್ಜ್ 1978ರಲ್ಲಿ ನ್ಯೂಯಾರ್ಕಿಗೆ ಬಂದಾಗ ಟ್ರ್ಯಾಕ್ ಓಟಗಾರ್ತಿ. ಮ್ಯಾರಥಾನ್ ಓಡಿರಲೇ ಇಲ್ಲ, ಅಭ್ಯಾಸದಲ್ಲಿ ಅದರ ಅರ್ಧದಷ್ಟು ದೂರವೇ ಹೆಚ್ಚು. ಕಿಲೋಮೀಟರ್ ಲೆಕ್ಕ ಗೊತ್ತಿದ್ದವರಿಗೆ ದಾರಿಯ ಮೈಲಿ ಫಲಕಗಳು ಅರ್ಥವಾಗದೆ, ಓಟ ಮುಗಿಯುವ ಸೆಂಟ್ರಲ್ ಪಾರ್ಕಿನ ಮರಗಳು ಯಾವಾಗ ಬರುತ್ತವೋ ಅಂತ ಕಾದುಕೊಂಡೇ ಓಡಿದರಂತೆ. ಗೆದ್ದರು, ಅದೂ 2:32:30ರ ವಿಶ್ವದಾಖಲೆಯಲ್ಲಿ. ಗೆದ್ದ ಮೇಲೆ ಶೂ ಬಿಚ್ಚಿ, ಈ ಐಡಿಯಾ ಕೊಟ್ಟ ಗಂಡನ ಕಡೆ ಎಸೆದರಂತೆ. ಆಮೇಲೆ ಇದೇ ಓಟವನ್ನು ಇನ್ನೂ ಎಂಟು ಸಲ ಗೆದ್ದರು.

ಆದರೆ ಅವರ ಎದೆ, ಕಾಲು ವರ್ಷಗಟ್ಟಲೆ ಪಳಗಿದ್ದವು. ನಮ್ಮದು ಕುರ್ಚಿಯಲ್ಲಿ ಪಳಗಿದ್ದು. ಆದ್ದರಿಂದ ಅವರಿಂದ ಕಲಿಯುವುದು ಒಂದೇ: ನಿಮ್ಮ ವಾಚಿನಲ್ಲಿ ಕಿಲೋಮೀಟರ್ ಇದ್ದರೆ ಮುಂಚಿನ ದಿನವೇ ಮೈಲಿಗೆ ಬದಲಾಯಿಸಿ. 26.2 ಅನ್ನುವ ಅಂಕಿ ಹೇಗೂ 42ಕ್ಕಿಂತ ಚಿಕ್ಕದು.

ಯಾವಾಗ ಹೋಗಲೇಬಾರದು?

ಓಡುವಾಗ ಎದೆನೋವು, ತಲೆಸುತ್ತು ಬಂದಿದ್ದರೆ ಮೊದಲು ಡಾಕ್ಟರು, ಆಮೇಲೆ ಓಟ. ಜ್ವರ ಬಂದು ಹೋದ ವಾರವೂ ಬೇಡ. ನಡೆಯುವಾಗಲೇ ನೋಯುವ ಮಂಡಿ, ಮೂಳೆಯ ಮೇಲೆ ಒಂದೇ ಚುಕ್ಕಿಯಲ್ಲಿ ಚುಚ್ಚುವ ನೋವು ಇದ್ದರೂ ಬೇಡ. ಈ ವರ್ಷ ರದ್ದು ಮಾಡಿ ಮುಂದಿನ ವರ್ಷಕ್ಕೆ ಸೀಟು ಉಳಿಸಿಕೊಳ್ಳಲು ಹಲವರಿಗೆ ಅವಕಾಶ ಇರುತ್ತದೆ, ದುಡ್ಡು ಮಾತ್ರ ಮತ್ತೆ ಕಟ್ಟಬೇಕು. ನಿಮ್ಮ ಸೀಟು ಯಾವ ಬಗೆಯದು ಅಂತ ನೋಡಿಕೊಳ್ಳಿ. ತಯಾರಿ ಕಡಿಮೆ ಅನ್ನುವುದಕ್ಕೂ ಪೆಟ್ಟಾಗಿದೆ ಅನ್ನುವುದಕ್ಕೂ ವ್ಯತ್ಯಾಸ ಇದೆ. ಮೊದಲನೆಯದನ್ನು ನಡೆದು ನಿಭಾಯಿಸಬಹುದು, ಎರಡನೆಯದನ್ನು ಆಗುವುದಿಲ್ಲ.

ಇನ್ನು ನಾಲ್ಕೇ ವಾರ ಇದೆ. ಏನು ಮಾಡಲಿ?

ಬಿಟ್ಟುಹೋದದ್ದನ್ನೆಲ್ಲ ಈಗ ತುಂಬಿಸಲು ಹೋಗಬೇಡಿ. ಪರೀಕ್ಷೆಯ ಹಿಂದಿನ ರಾತ್ರಿ ಓದಿ ಪಾಸಾದ ಅಭ್ಯಾಸ ನಮಗೆಲ್ಲ ಇದೆ. ಕಾಲಿಗೆ ಆ ಬುದ್ಧಿ ಇಲ್ಲ. ಮೂರು ವಾರ ಮುಂಚೆ ಒಂದು ಉದ್ದದ ಸುತ್ತು ಹೋಗಿ, ದೂರ ನೋಡಬೇಡಿ, ಸಮಯ ನೋಡಿ. ಮೂರೂವರೆ ಗಂಟೆ ಓಟ ನಡಿಗೆ ಬೆರೆಸಿಕೊಂಡು ಕಾಲ ಮೇಲೆ ಇರಿ. ಅದಕ್ಕಿಂತ ಹೆಚ್ಚು ಬೇಡ, ಹೆಚ್ಚಾದರೆ ಸುಧಾರಿಸಿಕೊಳ್ಳಲು ದಿನ ಸಾಲುವುದಿಲ್ಲ. ಆಮೇಲೆ ಪ್ರತಿ ವಾರ ಕಡಿಮೆ ಮಾಡುತ್ತ ಬನ್ನಿ. ಕೊನೆಯ ವಾರ 5 ಕಿಲೋಮೀಟರಿನ ಎರಡು ಸಣ್ಣ ಓಟ ಸಾಕು.

ಆ ಉದ್ದದ ಸುತ್ತಿನಲ್ಲಿ ಓಟದ ದಿನದ ಶೂ, ಸಾಕ್ಸ್, ಚಡ್ಡಿ, ಜೆಲ್ (ಓಡುತ್ತಲೇ ನುಂಗುವ ಸಕ್ಕರೆ ಪಾಕದಂಥ ಪೊಟ್ಟಣ) ಎಲ್ಲವನ್ನೂ ಪರೀಕ್ಷೆ ಮಾಡಿ. ಹೊಸ ಶೂ ಹಾಕಿಕೊಂಡು ಮ್ಯಾರಥಾನ್ ಓಡಿದ ಗೆಳೆಯನೊಬ್ಬ ಇದ್ದಾನೆ. ಎರಡು ಉಗುರು ಹೋದವು.

ಏರಿನ ಅಭ್ಯಾಸ ಎಲ್ಲಿ? ನಾನಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ, ಎಲ್ಲ ಸಪಾಟು.

ಜಾರ್ಜ್ ವಾಷಿಂಗ್ಟನ್ ಸೇತುವೆಯ ಕಾಲುದಾರಿ ಇದೆ. ಒಂದು ಭಾನುವಾರ ಮ್ಯಾನ್‌ಹ್ಯಾಟನ್‌ಗೆ ಬಂದರೆ ಸೆಂಟ್ರಲ್ ಪಾರ್ಕಿನ ಉತ್ತರ ತುದಿಯ ಹಾರ್ಲೆಮ್ ಹಿಲ್ ಇದೆ. ಏನೂ ಇಲ್ಲದಿದ್ದರೆ ಮಲ್ಟಿ ಲೆವೆಲ್ ಪಾರ್ಕಿಂಗಿನ ರ‍್ಯಾಂಪ್, ಬೆಳಿಗ್ಗೆ ಗಾಡಿ ಇಲ್ಲದ ಹೊತ್ತಿನಲ್ಲಿ.

ಎಲ್ಲರೂ ಹತ್ತುವುದನ್ನು ಅಭ್ಯಾಸ ಮಾಡುತ್ತಾರೆ, ಇಳಿಯುವುದನ್ನು ಮರೆಯುತ್ತಾರೆ. ಹತ್ತುವಾಗ ಏದುಸಿರು ಬರುತ್ತದೆ, ನಿಂತರೆ ಹೋಗುತ್ತದೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಎಳೆದುಕೊಳ್ಳುತ್ತಲೇ ಬ್ರೇಕ್ ಹಾಕುತ್ತಿರುತ್ತದೆ, ಪ್ರತಿ ಹೆಜ್ಜೆಗೂ ಒಳಗೆ ಸಣ್ಣ ಸಣ್ಣದಾಗಿ ಹರಿಯುತ್ತದೆ, ಅದು ಆಗ ಗೊತ್ತಾಗುವುದೇ ಇಲ್ಲ, ಮೂರು ಗಂಟೆ ಕಳೆದ ಮೇಲೆ ಬಿಲ್ ಬರುತ್ತದೆ. ಆದ್ದರಿಂದ ಇಳಿಜಾರಿನಲ್ಲಿ ಹೆಜ್ಜೆ ಚಿಕ್ಕದು, ಬೇಗಬೇಗ, ಹಿಂದಕ್ಕೆ ವಾಲಬೇಡಿ. ನಾಲ್ಕು ವಾರದಲ್ಲಿ ಎರಡು ಮೂರು ಸಲ ಇಳಿಜಾರು ಓಡಿದರೂ ತೊಡೆ ಸ್ವಲ್ಪ ಪಳಗುತ್ತದೆ. ಕೊನೆಯ ಹತ್ತು ದಿನ ಮಾತ್ರ ಬೇಡ.

ಬೆಳಿಗ್ಗೆ ಅಷ್ಟು ಬೇಗ ಯಾಕೆ ಹೋಗಬೇಕು?

ಓಟ ಶುರುವಾಗುವುದು ಸ್ಟೇಟನ್ ಐಲೆಂಡಿನಲ್ಲಿ, ಅಲ್ಲಿಗೆ ಹೋಗುವುದೇ ಒಂದು ಪ್ರಯಾಣ. ಫೆರಿ ಹತ್ತಿ ಆಮೇಲೆ ಬಸ್ಸು, ಇಲ್ಲಾ ಮ್ಯಾನ್‌ಹ್ಯಾಟನ್‌ನಿಂದ ನೇರ ಬಸ್ಸು. ವೆರಝಾನೋ ಸೇತುವೆ ಮುಚ್ಚುವ ಮೊದಲೇ ಎಲ್ಲರನ್ನೂ ಆ ಕಡೆ ಸೇರಿಸಬೇಕಲ್ಲ. ಒಂದು ಸಮಾಧಾನ ಇದೆ. ಓಟ ನವೆಂಬರಿನ ಮೊದಲ ಭಾನುವಾರ, ಅವತ್ತಿನ ಬೆಳಗಿನ ಜಾವವೇ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಒಂದು ಗಂಟೆ ನಿದ್ದೆ ಉಚಿತ.

ಓಟಕ್ಕೆ ಮುಂಚೆ ಎಲ್ಲರನ್ನೂ ಸೇರಿಸುವ ಫೋರ್ಟ್ ವಾಡ್ಸ್‌ವರ್ತ್‌ನ ಹುಲ್ಲಿನ ಮೇಲೆ ಎರಡು ಮೂರು ಗಂಟೆ ಚಳಿಯಲ್ಲಿ ಕೂರಬೇಕು. ಬಿಸಾಡಲು ಮನಸ್ಸು ಬರುವ ಹಳೆಯ ಸ್ವೆಟರ್, ಪೈಜಾಮ, ಕೂರಲು ದಪ್ಪ ಪ್ಲಾಸ್ಟಿಕ್ ಒಯ್ಯಿರಿ. ಅಲ್ಲಿ ಬಿಟ್ಟ ಬಟ್ಟೆ ದಾನಕ್ಕೆ ಹೋಗುತ್ತದೆ. ನಾನು ಮದುವೆಯಲ್ಲಿ ಮಾವ ಕೊಟ್ಟಿದ್ದ ಸ್ವೆಟರ್ ಬಿಟ್ಟುಬಂದೆ, ಮನೆಯಲ್ಲಿ ಇನ್ನೂ ಹೇಳಿಲ್ಲ.

ಸುಮ್ನೆ ಅಡ್ಡಾಡಬೇಡಿ. ಕೂತಿರಿ.

ಮೊದಲ ಸೇತುವೆಯಲ್ಲಿ ಎಲ್ಲರೂ ಓಡುತ್ತಾರೆ. ನಾನು ನಡೆದರೆ ನಾಚಿಕೆ ಅಲ್ವಾ?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ವೆರಝಾನೋ ಸೇತುವೆಯ ಮೊದಲ ಮೈಲಿ ಪೂರ್ತಿ ಏರು, ಎರಡನೇ ಮೈಲಿ ಪೂರ್ತಿ ಇಳಿಜಾರು. ನೀರಿನಿಂದ ಸುಮಾರು 70 ಮೀಟರ್ ಎತ್ತರದ ರಸ್ತೆ, ಎಡಕ್ಕೆ ದೂರದಲ್ಲಿ ಮ್ಯಾನ್‌ಹ್ಯಾಟನ್, ತಲೆಯ ಮೇಲೆ ಹೆಲಿಕಾಪ್ಟರ್, ಸುತ್ತ ಸಾವಿರಾರು ಜನ. ಇಡೀ ದಾರಿಯಲ್ಲೇ ಕಠಿಣ ಏರು ಇದು. ಆದರೆ ಗೊತ್ತೇ ಆಗುವುದಿಲ್ಲ. ಹೊಸ ಉತ್ಸಾಹ, ತಾಜಾ ಕಾಲು. ಮೊದಲ ವರ್ಷ ನಾನು ಏರನ್ನು ಹಾರುತ್ತ ಹತ್ತಿದೆ, ಇಳಿಜಾರನ್ನು ಜಿಂಕೆಯ ಹಾಗೆ ಇಳಿದೆ, ಬ್ರೂಕ್ಲಿನ್‌ನ ಫೋರ್ತ್ ಅವೆನ್ಯೂದಲ್ಲಿ ಮಕ್ಕಳ ಕೈಗೆಲ್ಲ ಕೈ ತಟ್ಟಿಕೊಂಡು ಓಡಿದೆ. ಮೊದಲರ್ಧ 2 ಗಂಟೆ 35 ನಿಮಿಷ. ಎರಡನೇ ಅರ್ಧ 3 ಗಂಟೆ 13 ನಿಮಿಷ. ಆ ಮೂರು ಗಂಟೆಯ ಬಗ್ಗೆ ಹೇಳುವಂಥದ್ದೇನಿಲ್ಲ.

ಎರಡನೇ ಸಲ ತಯಾರಿ ಅಷ್ಟೇ ಕಳಪೆ. ಈ ಸಲ ಒಂದೇ ನಿಯಮ ಇಟ್ಟುಕೊಂಡೆ: ಐದೂ ಸೇತುವೆಯ ಏರನ್ನು ನಡೆದೇ ಹತ್ತುವುದು, ಮೊದಲನೆಯದರಿಂದಲೇ, ಕಾಲಲ್ಲಿ ಎಷ್ಟೇ ಶಕ್ತಿ ಇದ್ದರೂ. ಬೇರೆ ಕಡೆ ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ. ಮೊದಲರ್ಧ 2:43, ಎರಡನೆಯದು 2:48. ಒಬ್ಬನ ಎರಡು ಓಟದಿಂದ ಸಿದ್ಧಾಂತ ಕಟ್ಟಲಾಗುವುದಿಲ್ಲ, ಹವೆಯೂ ಬೇರೆ ಇತ್ತು, ಒಪ್ಪುತ್ತೇನೆ. ಆದರೆ ಎರಡನೇ ಸಲ ಕೊನೆಯ ಮೈಲಿಯಲ್ಲಿ ನಾನು ದಾಟಿದ ಜನ ಎಲ್ಲರೂ ವೆರಝಾನೋ ಮೇಲೆ ನನ್ನನ್ನು ದಾಟಿ ಹೋದವರೇ ಅನ್ನಿಸಿತು.

ಸುಸ್ತಾದ ಮೇಲೆ ನಡೆಯುವುದು ಬೇರೆ, ಸುಸ್ತಾಗುವ ಮೊದಲೇ ನಡೆಯುವುದು ಬೇರೆ. ಮೊದಲನೆಯದರಲ್ಲಿ ಮತ್ತೆ ಓಡಲು ಆಗುವುದಿಲ್ಲ. ಬಲಗಡೆ ಅಂಚಿಗೆ ಬಂದು ಕೈ ಎತ್ತಿ ತೋರಿಸಿ ನಡೆಯಿರಿ, ನಡು ರಸ್ತೆಯಲ್ಲಿ ಗಕ್ಕನೆ ನಿಲ್ಲಬೇಡಿ. ನಾಚಿಕೆಯ ಮಾತಿಗೆ ಬಂದರೆ, ಅಲ್ಲಿ ನಿಮ್ಮನ್ನು ಗುರುತಿಸುವವರು ಯಾರೂ ಇಲ್ಲ. ಅಪರೂಪಕ್ಕೆ ಒಬ್ಬ ಕನ್ನಡಿಗ ಸಿಕ್ಕರೆ ಅವನೂ ನಡೆಯುತ್ತಿರುತ್ತಾನೆ.

ಕ್ವೀನ್ಸ್‌ಬರೋ ಸೇತುವೆ ಅಂದರೆ ಯಾಕೆ ಎಲ್ಲರೂ ಹೆದರಿಸುತ್ತಾರೆ?

ಅರ್ಧ ದಾರಿ ಪುಲಾಸ್ಕಿ ಸೇತುವೆಯ ಮೇಲೆ ಮುಗಿಯುತ್ತದೆ. ಕ್ವೀನ್ಸ್‌ನಲ್ಲಿ ಸ್ವಲ್ಪ ಸುತ್ತಾಡಿಸಿ 15ನೇ ಮೈಲಿ ದಾಟುವಾಗ ಕ್ವೀನ್ಸ್‌ಬರೋ ಹತ್ತಿಸುತ್ತಾರೆ. ಕೆಳ ಅಂತಸ್ತಿನಲ್ಲಿ ಓಡಬೇಕು. ತಲೆಯ ಮೇಲೆ ಕಬ್ಬಿಣ, ಬೆಳಕು ಕಡಿಮೆ, ನೋಡುವ ಜನ ಇಲ್ಲ. ಅಲ್ಲಿವರೆಗೆ ಬ್ಯಾಂಡು, ಗಂಟೆ, ಚಪ್ಪಾಳೆ ಕೇಳಿ ಕೇಳಿ ಬಂದ ಕಿವಿಗೆ ಈಗ ಬರೀ ಶೂ ಸದ್ದು, ಏದುಸಿರು, ಎಲ್ಲೋ ಒಬ್ಬರ ನರಳಾಟ. ಏರು ಮುಗಿಯುವುದೇ ಇಲ್ಲ ಅನ್ನಿಸುತ್ತದೆ. ಬಹಳ ಜನ ಇಲ್ಲೇ ನಡಿಗೆಗೆ ಇಳಿಯುತ್ತಾರೆ. ನೀವು ಮೊದಲೇ ನಡೆಯುವುದೆಂದು ತೀರ್ಮಾನ ಮಾಡಿದ್ದರೆ ಇದು ಬರೀ ಒಂದು ಸೇತುವೆ. ಜೆಲ್ ತಿನ್ನಿ, ಭುಜ ಸಡಿಲ ಮಾಡಿ.

ನಿಜವಾದ ಬಲೆ ಸೇತುವೆ ಇಳಿದ ಮೇಲೆ. 59ನೇ ಬೀದಿಯಲ್ಲಿ ತಿರುಗಿ ಫಸ್ಟ್ ಅವೆನ್ಯೂಗೆ ಬಿದ್ದ ತಕ್ಷಣ ದಸರಾ ಮೆರವಣಿಗೆಯ ಸದ್ದು. ರೋಮಾಂಚನ ಆಗಿ ಕಾಲು ತಾನಾಗಿ ಜೋರಾಗುತ್ತದೆ. ಮುಂದೆ 125ನೇ ಬೀದಿವರೆಗೆ ನೇರ ರಸ್ತೆ ಇದೆ. ಮ್ಯಾನ್‌ಹ್ಯಾಟನ್‌ನಲ್ಲಿ ಇಪ್ಪತ್ತು ಬೀದಿಗೆ ಒಂದು ಮೈಲಿ. ಅಂದರೆ ಮೂರು ಮೈಲಿಗೂ ಜಾಸ್ತಿ, ತುದಿ ಕಾಣುವುದಿಲ್ಲ. ಜನರ ಕೂಗು ನಿಮ್ಮ ಹೊಟ್ಟೆಗೆ ಊಟ ಹಾಕುವುದಿಲ್ಲ. ವಾಚ್ ನೋಡಿ, ಹಳೆಯ ಲೆಕ್ಕದಲ್ಲೇ ಹೋಗಿ.

ನಡುದಾರಿಯಲ್ಲಿ ಶಕ್ತಿ ಖಾಲಿಯಾಗಿ "ಗೋಡೆ"ಗೆ ಡಿಕ್ಕಿ ಹೊಡೆದ ಹಾಗಾಗುತ್ತೆ ಅಂತಾರಲ್ಲ, ಅದು ನಿಜವಾ?

ನಿಜ. ದೇಹ ಕಾಲು ಮತ್ತು ಲಿವರ್‌ನಲ್ಲಿ ಗ್ಲೈಕೋಜೆನ್ ರೂಪದಲ್ಲಿ ಕೂಡಿಟ್ಟುಕೊಳ್ಳುವ ಶಕ್ತಿ ಹೆಚ್ಚೂಕಡಿಮೆ 2,000 ಕ್ಯಾಲೊರಿ. ಓಡಲು ಪ್ರತಿ ಕಿಲೋಮೀಟರಿಗೆ, ಪ್ರತಿ ಕಿಲೋ ತೂಕಕ್ಕೆ ಸುಮಾರು ಒಂದು ಕ್ಯಾಲೊರಿ ಬೇಕು. 70 ಕಿಲೋ ಮನುಷ್ಯನಿಗೆ 42 ಕಿಲೋಮೀಟರಿಗೆ 2,900 ದಾಟುತ್ತದೆ. ಉಳಿದದ್ದು ಕೊಬ್ಬಿನಿಂದ ಬರಬೇಕು, ಕೊಬ್ಬು ನಿಧಾನಕ್ಕೆ ಉರಿಯುತ್ತದೆ. ಜೋರಾಗಿ ಓಡಿದಷ್ಟೂ ಗ್ಲೈಕೋಜೆನ್ ಬೇಗ ಖಾಲಿ. ಅದಕ್ಕೇ 30ನೇ ಕಿಲೋಮೀಟರಿನ ಆಸುಪಾಸು ಕರೆಂಟ್ ಹೋದ ಹಾಗಾಗುವುದು. ನ್ಯೂಯಾರ್ಕಿನಲ್ಲಿ ಆ ಜಾಗ ವಿಲ್ಲಿಸ್ ಅವೆನ್ಯೂ ಸೇತುವೆ, ಬ್ರಾಂಕ್ಸ್‌ಗೆ ಹೋಗುವ ದಾರಿ. ಪುಟ್ಟ ಸೇತುವೆ, ಆ ಹೊತ್ತಿನಲ್ಲಿ ಹಿಮಾಲಯ.

ಏನು ತಿನ್ನಲಿ? ನಮ್ಮ ಊಟ ಆಗುತ್ತಾ?

ಧಾರಾಳವಾಗಿ. ಹಿಂದಿನ ದಿನ ಅನ್ನ ಪ್ರಧಾನವಾಗಿರಲಿ. ಚಿತ್ರಾನ್ನ, ಮೊಸರನ್ನ, ಅವಲಕ್ಕಿ ಎಲ್ಲ ಒಳ್ಳೆಯದು. ಕಾಳು ಪಲ್ಯ, ಸೊಪ್ಪು, ರಾಗಿ ಮುದ್ದೆ ಆ ಒಂದು ದಿನ ಬೇಡ, ನಾರು ಜಾಸ್ತಿ, ಬ್ರೂಕ್ಲಿನ್‌ನಲ್ಲಿ ಟಾಯ್ಲೆಟ್ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ರಾತ್ರಿ ಹೊಟ್ಟೆ ಬಿರಿಯುವ ಹಾಗೆ ತಿನ್ನುವುದಕ್ಕಿಂತ ಮಧ್ಯಾಹ್ನದ ಊಟ ದೊಡ್ಡದು ಮಾಡಿ. ಬೆಳಿಗ್ಗೆ ಎದ್ದಾಗಿನಿಂದ ಓಟ ಶುರುವಾಗುವವರೆಗೆ ಐದಾರು ಗಂಟೆ ಇರುತ್ತದೆ, ಆದ್ದರಿಂದ ಎರಡು ತಿಂಡಿ ಬೇಕು. ನಾನು ಮನೆಯಲ್ಲಿ ಬ್ರೆಡ್ ಜಾಮ್ ತಿಂದು, ಅಲ್ಲಿ ಕೂತು ಡಬ್ಬಿಯಿಂದ ಮೊಸರನ್ನ ತಿಂದೆ. ಪಕ್ಕದಲ್ಲಿದ್ದ ಇಟಲಿಯವರೊಬ್ಬರು ಅದನ್ನೇ ದಿಟ್ಟಿಸಿ ನೋಡುತ್ತಿದ್ದರು.

ಓಡುವಾಗ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್. ಒಂದು ಜೆಲ್‌ನಲ್ಲಿ ಹೆಚ್ಚಾಗಿ 20–25 ಗ್ರಾಂ ಇರುತ್ತದೆ. ಹಸಿವಾಗಲಿ ಅಂತ ಕಾಯಬೇಡಿ, ಮೊದಲ ಗಂಟೆಯಿಂದಲೇ ಶುರು ಮಾಡಿ. ಬೆಲ್ಲ, ಖರ್ಜೂರವೂ ನಡೆಯುತ್ತದೆ. ಕಡಲೆ ಮಿಠಾಯಿ ಒಯ್ದು ನೋಡಿದೆ, ಒಣಗಿದ ಬಾಯಲ್ಲಿ ಅಗಿಯಲು ಆಗಲಿಲ್ಲ. ಅದನ್ನು ಕೊನೆಗೆ ಇಟ್ಟುಕೊಳ್ಳಿ.

ನೀರು ಎಷ್ಟು ಕುಡಿಯಬೇಕು?

ಬಾಯಾರಿದಷ್ಟು. ಆರಂಭದ ಕೆಲವು ಮೈಲಿ ಕಳೆದ ಮೇಲೆ ಹೆಚ್ಚೂಕಡಿಮೆ ಪ್ರತಿ ಮೈಲಿಗೂ ನೀರು ಸಿಗುತ್ತದೆ, ಎಲ್ಲ ಕಡೆ ಎರಡು ಲೋಟ ಸುರಿದುಕೊಳ್ಳಬೇಡಿ. ನಿಧಾನ ಓಡುವ ನಮ್ಮಂಥವರಿಗೆ ನೀರು ಕಡಿಮೆಯಾಗುವುದಕ್ಕಿಂತ ಹೆಚ್ಚಾಗುವ ಭಯವೇ ದೊಡ್ಡದು. ರಕ್ತದಲ್ಲಿ ಸೋಡಿಯಂ ಇಳಿದರೆ ಪ್ರಾಣಕ್ಕೇ ಅಪಾಯ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದವರಲ್ಲಿ 488 ಜನರ ರಕ್ತ ಪರೀಕ್ಷೆ ಮಾಡಿದಾಗ 13% ಜನರಲ್ಲಿ ಸೋಡಿಯಂ ಕಡಿಮೆ ಇತ್ತು. ಓಡುತ್ತ ಓಡುತ್ತ ತೂಕ ಏರಿದವರು, ನಾಲ್ಕು ಗಂಟೆಗಿಂತ ಜಾಸ್ತಿ ತೆಗೆದುಕೊಂಡವರು ಅದರಲ್ಲಿ ಹೆಚ್ಚು. ಬೆರಳು ಊದಿ ಉಂಗುರ ಬಿಗಿಯಾದರೆ, ವಾಕರಿಕೆ ಬಂದರೆ, ತಲೆ ಗೊಂದಲವಾದರೆ ಕುಡಿಯುವುದು ನಿಲ್ಲಿಸಿ ಮೆಡಿಕಲ್ ಟೆಂಟಿಗೆ ಹೋಗಿ.

ನೋವಿನ ಮಾತ್ರೆ ನುಂಗಿ ಓಡಲಾ?

ಬೇಡ. ಐಬುಪ್ರೊಫೆನ್ ಜಾತಿಯ ಮಾತ್ರೆ, ಬೆವರು, ಗಂಟೆಗಟ್ಟಲೆ ಓಟ, ಮೂರೂ ಸೇರಿದರೆ ಕಿಡ್ನಿಗೆ ಕೆಟ್ಟದ್ದು. ವ್ಯಾಸಲೀನ್ ಮಾತ್ರ ಧಾರಾಳವಾಗಿ ಹಚ್ಚಿ: ತೊಡೆಸಂದು, ಕಂಕುಳು, ಗಂಡಸರು ಮೊಲೆತೊಟ್ಟಿಗೆ ಬ್ಯಾಂಡೇಜು. ನಗಬೇಡಿ.

ಕೊನೆಯ ಭಾಗ ಸೆಂಟ್ರಲ್ ಪಾರ್ಕ್, ಅಲ್ಲಿಗೆ ಬಂದರೆ ಮುಗೀತು ಅಲ್ವಾ?

ಮುಗಿಯಲಿಲ್ಲ. ಐದನೇ ಸೇತುವೆ ದಾಟಿ ಹಾರ್ಲೆಮ್‌ಗೆ ಬಂದಾಗ "ಸದ್ಯ, ಸೇತುವೆಗಳು ಮುಗಿದವು" ಅಂತ ಉಸಿರು ಬಿಡುತ್ತೀರಿ. ಆಮೇಲೆ ಫಿಫ್ತ್ ಅವೆನ್ಯೂ. 110ನೇ ಬೀದಿಯಿಂದ 90ನೇ ಬೀದಿವರೆಗೆ ಒಂದು ಮೈಲಿ ಮೆಲ್ಲಗೆ ಏರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಬಲಕ್ಕೆ ಪಾರ್ಕಿನ ಮರ, ಚೆಂದದ ರಸ್ತೆ. ಕಾಲಿಗೆ ಮಾತ್ರ ಗೊತ್ತಾಗುತ್ತದೆ. ಯಾವ ನಕ್ಷೆಯಲ್ಲೂ ಇದಕ್ಕೆ ಸೇತುವೆಯಂತೆ ಹೆಸರಿಲ್ಲದ್ದರಿಂದ ಯಾರೂ ತಯಾರಾಗಿ ಬರುವುದಿಲ್ಲ. ಇದನ್ನು ಆರನೇ ಸೇತುವೆ ಅಂತ ಈಗಲೇ ಬರೆದುಕೊಳ್ಳಿ. ಒಂದು ಲೈಟು ಕಂಬದವರೆಗೆ ಓಟ, ಮುಂದಿನದರವರೆಗೆ ನಡಿಗೆ.

ಪಾರ್ಕಿನೊಳಗೆ ಏರಿಳಿತ ಇದೆ, ಸಾಯಿಸುವಂಥದ್ದಲ್ಲ. ಹೊರಗೆ 59ನೇ ಬೀದಿ, ಕೊಲಂಬಸ್ ಸರ್ಕಲ್, ಮತ್ತೆ ಒಳಗೆ. ಕೊನೆಯ ಕೆಲವು ನೂರು ಮೀಟರ್ ಕೂಡ ಸ್ವಲ್ಪ ಏರು. ಇಷ್ಟು ದೂರ ಬಂದವರಿಗೆ ಇದೊಂದು ಬೇಕಿತ್ತಾ ಅಂತ ಯಾರನ್ನೋ ಕೇಳಬೇಕೆನಿಸುತ್ತದೆ.

ತುಂಬ ನಿಧಾನವಾದರೆ ಹೊರಗೆ ಹಾಕುತ್ತಾರಾ?

ರಸ್ತೆಗಳನ್ನು ಒಂದೊಂದಾಗಿ ವಾಹನಗಳಿಗೆ ಬಿಡುತ್ತ ಬರುತ್ತಾರೆ. ಆಗ ಫುಟ್‌ಪಾತ್ ಮೇಲೆ ಹೋಗಬೇಕು. ಕತ್ತಲಾದ ಮೇಲೆ ಬರುವವರಿಗೂ ಅಲ್ಲಿ ಜನ ಚಪ್ಪಾಳೆ ಹೊಡೆಯುತ್ತಾರೆ. ಈ ಓಟವನ್ನು ಕಟ್ಟಿ ಬೆಳೆಸಿದ ಫ್ರೆಡ್ ಲೆಬೋ 1992ರಲ್ಲಿ, ಮೆದುಳಿನ ಕ್ಯಾನ್ಸರ್ ಇದ್ದಾಗ, ಐದೂವರೆ ಗಂಟೆಯಲ್ಲಿ ಮುಗಿಸಿದ್ದರು. ಪಕ್ಕದಲ್ಲಿ ಓಡಿದವರು ಅದೇ ಗ್ರೆಟೆ ವೈಟ್ಜ್, ಒಂಬತ್ತು ಸಲ ಗೆದ್ದವರು. ಅಷ್ಟು ನಿಧಾನ, ಅಷ್ಟು ಹೊತ್ತು ಓಡುವುದು ಎಷ್ಟು ಕಷ್ಟ ಅಂತ ಅವರಿಗೆ ಅವತ್ತು ಗೊತ್ತಾಗಿರಬೇಕು ಅಂತ ನನಗೆ ಒಂದು ಸಣ್ಣ ಖುಷಿ.

ಮನೆಯವರು ಎಲ್ಲಿ ನಿಂತರೆ ನೋಡಬಹುದು?

ಫಸ್ಟ್ ಅವೆನ್ಯೂದಲ್ಲಿ 100ನೇ ಬೀದಿಯ ಹತ್ತಿರ. ಕೆಳಗಿನ ಬೀದಿಗಳಷ್ಟು ನೂಕುನುಗ್ಗಲಿಲ್ಲ. ಅಲ್ಲಿ ನಿಮ್ಮನ್ನು ನೋಡಿ, ನೀವು ಬ್ರಾಂಕ್ಸ್ ಸುತ್ತಿ ಬರುವುದರೊಳಗೆ ಅವರು ಪಶ್ಚಿಮಕ್ಕೆ ನಡೆದು ಫಿಫ್ತ್ ಅವೆನ್ಯೂ ಸೇರಬಹುದು. ಆ "ಆರನೇ ಸೇತುವೆ"ಯಲ್ಲಿ ಗುರುತಿನ ಮುಖ ಕಂಡರೆ ಒಂದು ಜೆಲ್‌ಗಿಂತ ಮೇಲು. ಯಾವ ಕಡೆಯ ಫುಟ್‌ಪಾತ್ ಅಂತ ಮೊದಲೇ ಹೇಳಿಕೊಳ್ಳಿ. ನನ್ನ ಹೆಂಡತಿ ಎಡಕ್ಕೆ ನಿಂತಿದ್ದಳು, ನಾನು ಬಲಕ್ಕೇ ನೋಡಿಕೊಂಡು ಹೋದೆ, ಆ ಜಗಳ ಬೇರೆ ಇದೆ.

ಮೆಡಲ್ ಎಲ್ಲರಿಗೂ ಕೊಡುತ್ತಾರಾ?

ಮುಗಿಸಿದವರಿಗೆಲ್ಲ. ಅಮ್ಮನಿಗೆ ಫೋನಿನಲ್ಲಿ ತೋರಿಸಿದೆ. "ಎಷ್ಟನೇ ಪ್ರೈಜೋ?" ಅಂದರು. ನಲವತ್ತೇಳು ಸಾವಿರದ ಚಿಲ್ಲರೆ ಅಂದೆ. "ಇರಲಿ ಬಿಡು, ಊಟ ಮಾಡಿದ್ಯಾ?"

ಮುಗಿದ ಮೇಲೆ ಮನೆಗೆ ಹೇಗೆ ಬರುವುದು?

ಗೆರೆ ದಾಟಿದ ತಕ್ಷಣ ಕೂರಲು ಬಿಡುವುದಿಲ್ಲ. ಪಾರ್ಕಿನೊಳಗೆ ಉತ್ತರಕ್ಕೆ ನಡೆಸುತ್ತಲೇ ಇರುತ್ತಾರೆ, ಹೊದಿಕೆ, ತಿಂಡಿ ಚೀಲ ಕೊಡುತ್ತಾರೆ, ಹೊರಗೆ ಬರುವಷ್ಟರಲ್ಲಿ ಇನ್ನೊಂದು ಮೈಲಿ ಆದ ಹಾಗಿರುತ್ತದೆ. ಚಳಿ ತಕ್ಷಣ ಹಿಡಿಯುತ್ತದೆ. ಮನೆಯವರ ಕೈಯಲ್ಲಿ ಒಣ ಟೀ ಶರ್ಟ್, ಚಪ್ಪಲಿ ಇರಲಿ. ಕಾರು ತರಿಸಬೇಡಿ, ಅಂದು ಆ ರಸ್ತೆಗಳಲ್ಲಿ ಕಾರು ನುಗ್ಗುವುದಿಲ್ಲ. 72ನೇ ಬೀದಿಯ ಸಬ್‌ವೇ ಹಿಡಿದು ಪೆನ್ ಸ್ಟೇಷನ್, ಅಲ್ಲಿಂದ ನ್ಯೂಜೆರ್ಸಿಯ ರೈಲು.

ಸಬ್‌ವೇ ಮೆಟ್ಟಿಲು ಇಳಿಯುವಾಗ ಮುಖ ಹಿಂದಕ್ಕೆ ಮಾಡಿ, ಕಂಬಿ ಹಿಡಿದು, ಹಿಮ್ಮುಖವಾಗಿ ಇಳಿಯಿರಿ. ತೊಡೆ ಅಷ್ಟು ನೋಯುವುದಿಲ್ಲ. ವಿಚಿತ್ರ ಅನ್ನಿಸಿದರೆ ಸುತ್ತ ನೋಡಿ, ಮೆಡಲ್ ಹಾಕಿಕೊಂಡ ಇನ್ನೂ ಹತ್ತು ಜನ ಹಾಗೇ ಇಳಿಯುತ್ತಿರುತ್ತಾರೆ. ರೈಲಿನಲ್ಲಿ ಸೀಟು ಸಿಕ್ಕರೆ ಅಂಚಿನದು ಹಿಡಿಯಿರಿ, ಮೆಟ್ರೋಪಾರ್ಕ್ ಸ್ಟೇಷನ್ ಬಂದಾಗ ಏಳಲು ಎರಡು ನಿಮಿಷ ಮೊದಲೇ ಶುರು ಮಾಡಬೇಕು.